ಚಪ್ಪಲಿ ಕಟ್ಟೆ ತುಂಬಿದ ಭಾನುವಾರ

ಭದ್ರಾವತಿಯ ಓಲ್ಡ್ ಟೌನ್ ದಾಟಿ ಹೊಳೆಯ ದಂಡೆ ಹಿಡಿದು ಸ್ವಲ್ಪ ನಡೆದರೆ ದೋಣಿ ಕಟ್ಟುವ ಜಾಗ. ಅಲ್ಲಿ ಕೊಡೆ ಬಿಚ್ಚಿಕೊಂಡು ಕೂತವಳೇ ಹೂವಮ್ಮ. ಎದುರಿನ ನಡುಗಡ್ಡೆಯಲ್ಲಿ, ಮುದಿ ಹೊಳೆಮತ್ತಿ ಮರದ ಬುಡದಲ್ಲಿ ಹೊಳೆಯಮ್ಮ ನೆಲೆಸಿದ್ದಾಳೆ. ಅಮ್ಮನ ನೆಲಕ್ಕೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ; ಈಚೆ ದಡದ ಕಲ್ಲುಕಟ್ಟೆಯ ಮೇಲೆ ಬಿಟ್ಟು ದೋಣಿ ಹತ್ತಬೇಕು. ದೋಣಿ ನಡೆಸುವುದು ಮಗ ಯುವರಾಜ್. ಚಪ್ಪಲಿ ಕಾಯುವುದು ಹೂವಮ್ಮ.

ಯಾರೋ ನಡುಗಡ್ಡೆಯ ರೀಲ್ಸ್ ಹಾಕಿದ ಮೇಲೆ ಭಾನುವಾರ ಬಂತೆಂದರೆ ದಡದಲ್ಲಿ ಕಾಲಿಡಲು ಜಾಗವಿಲ್ಲ. ಮೊದಮೊದಲು ಹೂವಮ್ಮನಿಗೆ ಹಿಗ್ಗೋ ಹಿಗ್ಗು. ಅಮ್ಮನ ಹೆಸರು ಊರೂರು ಮುಟ್ಟಿತಲ್ಲ! ಕಟ್ಟೆ ಸಾಲದೆ ಪಕ್ಕದಲ್ಲೊಂದು ಹಲಗೆ ಸ್ಟ್ಯಾಂಡನ್ನೂ ಮಾಡಿಸಿದಳು. ಮಳೆಗಾಲ ಕಳೆದು ಹೊಳೆ ಇಳಿದ ಮೇಲೆ ದೀಪ ಹಚ್ಚಲು ಹೋದವಳು ಮರದ ಬುಡ ನೋಡಿ ನಿಂತೇಬಿಟ್ಟಳು. ಜನ ತುಳಿದು ತುಳಿದು ಹುಲ್ಲು ಸತ್ತಿತ್ತು. ಸಡಿಲಾದ ಮಣ್ಣನ್ನು ನೀರು ಒಯ್ದು ಬೇರುಗಳೆಲ್ಲ ಬತ್ತಲಾಗಿದ್ದವು. ಹೀಗೇ ಬಿಟ್ಟರೆ ಮರವೂ ಇಲ್ಲ, ಅಮ್ಮನ ನೆಲೆಯೂ ಇಲ್ಲ.

ಈಚೆ ಬಂದವಳೇ ಸ್ಟ್ಯಾಂಡ್ ಬಿಚ್ಚಿಸಿ ಬಚ್ಚಲ ಒಲೆಗೆ ಹಾಕಿದಳು.

“ಇನ್ಮೇಲೆ ಕಲ್ಲುಕಟ್ಟೆ ತುಂಬಿದ್ರೆ ದೋಣಿ ನಿಲ್ಲುತ್ತೆ. ಹೋದೋರು ವಾಪಸ್ ಬಂದು ಚಪ್ಪಲಿ ಮೆಟ್ಟಿದ್ರೆ ಆ ಜಾಗಕ್ಕೆ ಇನ್ನೊಬ್ರು.”

“ಜನ ಬೈತಾರಮ್ಮ,” ಎಂದ ಯುವರಾಜ್.

“ಬೈಲಿ. ಮದುವೆ ಮನೇಲಿ ಪಂಕ್ತಿ ಏಳೋ ತನಕ ಕಾಯಲ್ವಾ?”

ಜನ ಬೈದರು, ಕಾದರು. ಕೆಲವರು ಹೊಳೆ ನೋಡಿಕೊಂಡೇ ತಿರುಗಿ ಹೋದರು. ಬೀಗಿತ್ತಿ ಬರುವವರೆಗೂ ಹೀಗೇ ನಡೆಯಿತು.

ಆಯನೂರಿನ ಪದ್ಮಮ್ಮ, ಅಂದರೆ ಸೊಸೆ ಸುಶ್ಮಿತಾಳ ತಾಯಿ, ಒಂದು ಭಾನುವಾರ ಹೊಳೆಯಮ್ಮನಿಗೆ ಮಡಿಲಕ್ಕಿ ತಂದಳು. ಬಸುರಿ ಮಗಳ ಹೆಸರಲ್ಲಿ ಹೊತ್ತ ಹರಕೆ. ಕಟ್ಟೆ ಭರ್ತಿಯಾಗಿತ್ತು.

“ಕೂತ್ಕೊಳ್ಳಿ ಪದ್ಮಕ್ಕ, ನಿಮ್ಮ ಸರದಿ ಬರ್ಲಿ.”

“ಓಹೋ! ಹೆಣ್ಣು ಕೊಟ್ಟೋರಿಗೂ ಕ್ಯೂನಾ? ಆಧಾರ್ ಕಾರ್ಡೂ ತೋರಿಸ್ಬೇಕೇನೋ!”

ಕಾದು ನಿಂತವರೆಲ್ಲ ಹೂವಮ್ಮನ ಮುಖವನ್ನೇ ನೋಡಿದರು. “ಅತ್ತೇನ ಬಿಟ್ಬಿಡಮ್ಮ, ಸುಶ್ಮಿ ವರ್ಷಗಟ್ಲೆ ಆಡ್ಕೋತಾಳೆ,” ಎಂದು ಮಗ ಪಿಸುಗುಟ್ಟಿದ. ಬಿಟ್ಟರೆ ನಾಳೆಯಿಂದ ಈ ಕಟ್ಟಳೆಗೆ ಯಾರೂ ಬೆಲೆ ಕೊಡುವುದಿಲ್ಲ. ಬಿಡದಿದ್ದರೆ ನೆಂಟಸ್ತಿಕೆ ಕೆಡುತ್ತದೆ.

ಕಟ್ಟೆಯ ಒಂದು ಮೂಲೆ ಹೂವಮ್ಮನದೇ. ಮಧ್ಯಾಹ್ನದ ದೀಪಕ್ಕೆ ಹೋಗುವವಳ ಚಪ್ಪಲಿ ಬೆಳಗಿನಿಂದ ಅಲ್ಲಿರುತ್ತಿತ್ತು. ಭಾನುವಾರದ ಆ ದೀಪವನ್ನು ಅವಳು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಒಮ್ಮೆ ನಡುಗಡ್ಡೆಯತ್ತ ಕೈಮುಗಿದು, ತನ್ನ ಚಪ್ಪಲಿ ತೆಗೆದು ಮೆಟ್ಟಿಕೊಂಡಳು.

“ಇದು ನನ್ ಜಾಗ, ಯಾರ ಸರದೀನೂ ಅಲ್ಲ. ನಿಮ್ಮ ಚಪ್ಪಲಿ ಇಲ್ಲಿ ಬಿಡಿ. ಎಣ್ಣೆ ಬತ್ತಿ ತಗೊಳ್ಳಿ. ಇವತ್ತು ದೀಪ ನೀವೇ ಹಚ್ಬಿಡಿ.”

ಪದ್ಮಮ್ಮ ಮುಖ ಗಂಟು ಹಾಕಿಕೊಂಡೇ ದೋಣಿ ಹತ್ತಿದಳು. ಮರಳುವಾಗ ಆ ಗಂಟು ಇರಲಿಲ್ಲ.

“ದೀಪ ಒಂದೇ ಸಲಕ್ಕೆ ಹತ್ತಿಕೊಳ್ತು. ಆದ್ರೆ ಬೇರಿನ ಹತ್ರ ಕಾಲಿಡೋಕೇ ಹೆದರಿಕೆ ಆಯ್ತು ಮಾರಾಯ್ತಿ. ಮೊದಲೇ ಹೇಳ್ಬಾರ್ದಾ?”

“ಹೇಳಿದ್ರೆ ಕೇಳೋ ಹಾಗಿದ್ರಾ?”

ಪದ್ಮಮ್ಮ ನಕ್ಕುಬಿಟ್ಟಳು. ಚಪ್ಪಲಿ ಮೆಟ್ಟಿ ಕೊಡೆಯ ನೆರಳಿಗೆ ಸರಿದು ಕೂತವಳು, ಹಿಂದೆಯೇ ದನಿ ಎತ್ತಿದಳು: “ಏಯ್ ತಮ್ಮ, ಒಂದರ ಮೇಲೊಂದು ಇಡ್ಬೇಡಪ್ಪ! ಖಾಲಿ ಆಗಿರೋದು ಒಂದೇ ಜಾಗ. ಒಬ್ರೇ ಬನ್ನಿ.”