ಮುಲಾಮಿನವನ ಬ್ಯಾಟಿಂಗ್

ಹಿರೀಸಾವೆಯ ಹೆದ್ದಾರಿ ಬದಿಯಲ್ಲಿ ಚಿಕ್ಕಪ್ಪನ ಹೋಟೆಲ್. ಅಲ್ಲಿಗೆ ದೊಡ್ಡ ಟೀವಿ ಬಂದದ್ದು ಇಪ್ಪತ್ತು ಓವರಿನ ಪಂದ್ಯಗಳು ಶುರುವಾದ ಮೇಲೆ. ಮೊದಲೇ ಇತ್ತೋ ಏನೋ. ನನ್ನ ನೆನಪು ಹೈಲೈಟ್ಸ್ ಇದ್ದ ಹಾಗೆ, ಬೇಸರದ್ದನ್ನೆಲ್ಲ ಕತ್ತರಿಸಿ ಸಿಕ್ಸರ್‌ಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಪೂರ್ತಿ ನಂಬಬೇಡಿ.

ಟೀವಿಯವರು ಓವರ್ ಮುಗಿದರೆ ಜಾಹೀರಾತು, ವಿಕೆಟ್ ಬಿದ್ದರೆ ಜಾಹೀರಾತು ಹಾಕುತ್ತಿದ್ದರು. ಅದೂ ಸಾಲದೆ ಆಟವನ್ನೇ ನಡುವೆ ನಿಲ್ಲಿಸಿ, ಆಟಗಾರರು ನೀರು ಕುಡಿಯುವ ಹೊತ್ತನ್ನೂ ಮಾರಿಕೊಂಡರು. ಚೆಂಡು ಓಡುವಾಗ ನಮ್ಮ ಗಿರಾಕಿಗಳು ಬಾಯಿ ಬಿಡುತ್ತಿರಲಿಲ್ಲ. ಜಾಹೀರಾತು ಬಂತೋ, ಎಲ್ಲರಿಗೂ ಒಟ್ಟಿಗೇ ದೋಸೆ ಬೇಕು.

"ಅವ್ರು ಆಟ ನಿಲ್ಸಿ ಸೋಪು ಮಾರ್ತಾವ್ರೆ, ನಾವು ದೋಸೆ ಮಾರಾಣ ಬುಡು," ಎನ್ನುತ್ತಿದ್ದರು ಚಿಕ್ಕಪ್ಪ.

ಇದರಲ್ಲಿ ಸಿಕ್ಕಿಕೊಂಡವನು ಮಲ್ಲಿಪಟ್ಟಣದ ಕಡೆಯಿಂದ ಬಂದಿದ್ದ ದೋಸೆ ಹಾಕುವವನು. ಆಟ ನಡೆಯುವಾಗ ಅವನು ಒಳಗೆ ಕಾವಲಿಯ ಮುಂದೆ. ತಟ್ಟೆ ಹಿಡಿದು ಹೊರಗೆ ಬಂದರೆ ಮತ್ತೆ ಜಾಹೀರಾತು. ಹಾಗಾಗಿ ಅವನಿಗೆ ಆಟಗಾರರೆಲ್ಲ ಮಾರುವ ಸಾಮಾನಿನಿಂದಲೇ ಪರಿಚಯ: ಬನಿಯನ್ನಿನವನು, ಸಿಮೆಂಟಿನವನು. ಮಂಡಿಗೆ ಮುಲಾಮು ತಿಕ್ಕಿಕೊಂಡು ನಗುತ್ತ ಮೆಟ್ಟಿಲು ಹತ್ತುವವನೆಂದರೆ ಪ್ರಾಣ. ಆ ಮುಲಾಮಿನವನು ಆಡುವುದನ್ನು ಒಮ್ಮೆಯಾದರೂ ನೋಡಬೇಕೆಂದು ಅವನಿಗೆ ಆಸೆ.

"ಚೆನ್ನಾಗ್ ಆಡ್ತಾನಾ ಸಾ?" ಎಂದು ನನ್ನನ್ನು ಕೇಳುತ್ತಿದ್ದ.

"ಆಡ್ದೆ ಇದ್ರೆ ಮುಲಾಮು ಕೊಡ್ತಿದ್ರೇನಯ್ಯ?"

"ಮಂಡಿ ನೋವಿರೋನ್ನ ಓಡುಸ್ತಾರಲ್ಲ ಸಾ, ಪಾಪ."

ಒಂದು ಸಂಜೆ ಚಿಕ್ಕಪ್ಪನೇ ಕರೆದರು. "ನಿನ್ ಮುಲಾಮಿನವ್ನು ಬಂದ ಕಣ್ಲಾ. ಒಲೆ ಸಣ್ಣ ಮಾಡ್ಬುಟ್ಟು ಬಾ."

ಅವನು ಕೈ ಒರೆಸಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂತ. ಮುಲಾಮಿನವನ ಅಂಗಿ ಹಳದಿ ಎಂದು ನಾನು, ನೀಲಿ ಎಂದು ಚಿಕ್ಕಪ್ಪ ಇವತ್ತಿಗೂ ವಾದಿಸುತ್ತೇವೆ. ಎದೆ, ತೋಳು, ಬೆನ್ನಿನ ತುಂಬ ಕಂಪನಿಗಳ ಹೆಸರಿದ್ದದ್ದಂತೂ ನಿಜ.

"ಬಸ್‌ಸ್ಟ್ಯಾಂಡ್ ಗೋಡೆ ಇದ್ದಂಗೈತೆ," ಎಂದ ಅವನು, ಮೆಚ್ಚಿಕೊಂಡೇ.

ಮೊದಲ ಚೆಂಡಿಗೇ ಸ್ಟಂಪ್ ಹಾರಿತು.

ಟೀವಿಯವರು ಅದನ್ನೇ ಹಿಂದಿನಿಂದ, ಪಕ್ಕದಿಂದ, ಆಮೇಲೆ ನಿಧಾನವಾಗಿ ತೋರಿಸಿದರು.

"ಒಬ್ಬುನ್ನೇ ಎಷ್ಟು ಸಲ ಔಟ್ ಮಾಡ್ತಾರೆ ಸಾ," ಎಂದ. ದನಿ ಇಳಿದಿತ್ತು.

ಅಷ್ಟರಲ್ಲಿ ಜಾಹೀರಾತು. ಅದೇ ಮನುಷ್ಯ, ಮಂಡಿಗೆ ಮುಲಾಮು ತಿಕ್ಕಿಕೊಂಡು ನಗುತ್ತ ಮೆಟ್ಟಿಲು ಹತ್ತಿದ. ಹಿಂದಿನ ಬೆಂಚುಗಳಿಂದ ಕೂಗು ಶುರುವಾಯಿತು: "ಇಲ್ಲೆರಡು ಮಸಾಲೆ", "ಇಲ್ಲೊಂದು ಖಾಲಿ".

ದೋಸೆಯವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದ.

"ಔಟಾದ್ರೂವೆ ಕೆಲ್ಸ ಬುಟ್ಟಿಲ್ಲ ನೋಡಿ ಸಾ," ಎಂದು ಒಳಗೆ ಹೋಗಿ ಒಲೆ ದೊಡ್ಡದು ಮಾಡಿದ.