ಡ್ರೈವರ್ ಲೋಟ ಇಡುವವರೆಗೆ

ನನ್ನ ಬಾಮೈದ ಮರಿಸ್ವಾಮಿಯನ್ನು ಬೆಲ್ಲದ ಅಚ್ಚಿನಂತೆ ಬೆಳಕಿಗೆ ಹಿಡಿದು ನೋಡಿದರೆ ತೂಕಕ್ಕೆ ಮೋಸವಿಲ್ಲ, ಎಂಬತ್ತೈದು ಕೆಜಿ ಇದ್ದಾನೆ. ಬಣ್ಣ ಮಾಸಲು, ಪಾಕ ಹದಕ್ಕೆ ಬರುವ ಮೊದಲೇ ಇಳಿಸಿದ್ದು. ಪಾಂಡವಪುರದ ನನ್ನ ಬೆಲ್ಲದ ಮಂಡಿಗೆ ಇಂಥ ಮಾಲು ಬಂದರೆ ಮಳೆಗಾಲಕ್ಕೆ ಮೊದಲೇ ಸಾಗಹಾಕುತ್ತೇನೆ. ಹೆಂಡತಿಯ ತಮ್ಮನಾದ್ದರಿಂದ ಸಾಗಹಾಕಲು ಆಗಿಲ್ಲ.

ಬೆಳ್ಳೂರು ಕ್ರಾಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವನದೊಂದು ಹೋಟೆಲು. ಹಾಸನದ ಬಸ್ಸುಗಳು ಅಲ್ಲಿ ನಿಲ್ಲುತ್ತವೆ. ಕಾಫಿಗೆ ಹಾಲು ತೋರಿಸಿರುತ್ತಾನೆ, ಹಾಕಿರುವುದಿಲ್ಲ. ಬಸ್ಸು ಹೊರಟೀತೆಂದು ಜನ ಬಾಯಿ ಸುಟ್ಟುಕೊಂಡು ಕುಡಿಯುವಾಗ ಗಲ್ಲಾದಿಂದ ಹೇಳುವುದು ಒಂದೇ ಮಾತು: "ನಿಧಾನಕ್ ಕುಡೀರಿ. ಡ್ರೈವರ್ ಇನ್ನೂ ಲೋಟ ಮಡಗಿಲ್ಲ." ಅವನು ಕಲಿತ ವಿದ್ಯೆ ಇಷ್ಟೇ.

ಹೋದ ಶ್ರಾವಣದಲ್ಲಿ ಅಹಮದಾಬಾದಿನ ವ್ಯಾಪಾರಿಯೊಬ್ಬ ನಾನು ಕಳಿಸಿದ ಬೆಲ್ಲ ನೀರುಬಿಟ್ಟಿದೆ ಎಂದು ಲಾರಿ ನಿಲ್ಲಿಸಿಕೊಂಡ. ಮಾರನೆಯ ಮಧ್ಯಾಹ್ನದೊಳಗೆ ನಾನೇ ಹೋಗಿ ಅಚ್ಚು ಒಡೆದು ತೋರಿಸದಿದ್ದರೆ ಪೂರ್ತಿ ಲೋಡು ವಾಪಸ್. ಬೆಳಗಿನ ವಿಮಾನಕ್ಕೆ ಟಿಕೆಟ್ ಮಾಡಿಸಿದೆ. ಒಬ್ಬರೇ ಹೋಗಬೇಡಿ ಎಂದು ಹೆಂಡತಿ ಪ್ರಮೀಳಾ ತಮ್ಮನನ್ನು ನನ್ನ ಕೊರಳಿಗೆ ಕಟ್ಟಿದಳು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆ ಮುಗಿಸಿ ಒಂದು ಗುಟುಕು ಕಾಫಿಗೆಂದು ನಿಂತೆವು. ಕಾಗದದ ಲೋಟ, ಮುಕ್ಕಾಲು ನೊರೆ. ಮರಿಸ್ವಾಮಿ ಕುಡಿದು, "ನಮ್ಮೋಟ್ಲು ಕಾಫಿಗಿಂತ್ಲೂ ತೆಳ್ಳಗೈತೆ ಭಾವ" ಎಂದ. ಅದು ಸಾಧ್ಯವೆಂದು ನನಗೆ ಅದುವರೆಗೆ ತಿಳಿದಿರಲಿಲ್ಲ.

ಪಕ್ಕದಲ್ಲಿ ಬಿಳಿ ಅಂಗಿಯ, ಹೆಗಲ ಮೇಲೆ ಪಟ್ಟಿ ಇದ್ದ ಪೈಲಟ್ ಒಬ್ಬ ಕಾಫಿ ಕುಡಿಯುತ್ತಿದ್ದ. ಮರಿಸ್ವಾಮಿ ನೇರ ಹೋಗಿ, "ಯಾವೂರ್ ಗಾಡಿ ಸಾರ್ ನಿಮ್ದು?" ಎಂದು ಕೇಳಿಯೇಬಿಟ್ಟ. ನಾಚಿಕೆಯಿಂದ ನಾನು ಕಂಬದ ಕಡೆ ತಿರುಗಿದೆ. ಆತ ನಕ್ಕು, ನಮ್ಮ ಬೋರ್ಡಿಂಗ್ ಚೀಟಿ ನೋಡಿ, ತಾನು ಓಡಿಸುವುದೂ ಇದೇ ವಿಮಾನ ಎಂದ.

"ನಮ್ ಡ್ರೈವರ್ರೇ ಇವ್ರು ಭಾವ. ಕೂತ್ಕಳಿ."

"ಲೇ, ಇದು ಬೆಳ್ಳೂರ್ ಕ್ರಾಸಲ್ಲ ಕಣ್ಲಾ. ಇವ್ನಿಲ್ದಿದ್ರೆ ಇನ್ನೊಬ್ಬ ಓಡುಸ್ತಾನೆ."

"ಓಡುಸ್ಲಿ ಬುಡಿ. ಕಾಫಿ ಕುಡೀರಿ."

ಅರ್ಧ ಲೋಟ ಕಸಕ್ಕೆ ಹಾಕಿ, ಚೀಟಿಯಲ್ಲಿದ್ದ ನಂಬರಿನ ಬಾಗಿಲಿಗೆ ಓಡಿದೆ. ಉದ್ದದ ಸಾಲಿತ್ತು. ಬುದ್ಧಿವಂತನಂತೆ ಅದರಲ್ಲಿ ನಿಂತೆ. ಮುಕ್ಕಾಲು ಗಂಟೆಯ ಮೇಲೆ ಫೋನು ಬಂತು.

"ಎಲ್ಲಿದ್ದೀರಿ ಭಾವ? ಡ್ರೈವರ್ ಲೋಟ ಮಡಗ್ದ, ನಾನೂ ಅವ್ನ್ ಹಿಂದೇನೇ ಬಂದೆ. ಬಾಗ್ಲು ಬದ್ಲಾಗೈತಂತೆ. ಜನ ಎಲ್ಲಾ ಹತ್ಬುಟ್ರು. ನೀವು ನಿಂತಿರೋದು ಯಾವೂರ್ ಸಾಲು?"

ಮುಂದಿದ್ದವನನ್ನು ಕೇಳಿದೆ. ಕೋಲ್ಕತ್ತಾ ಎಂದ.

ಪಂಚೆ ಎತ್ತಿಕಟ್ಟಿ ಅವನು ಹೇಳಿದ ಬಾಗಿಲಿಗೆ ಓಡಿದೆ. ಅಲ್ಲಿ ಮರಿಸ್ವಾಮಿ ಬಾಗಿಲು ಮುಚ್ಚಲು ಬಂದ ಹುಡುಗಿಗೆ ಅಡ್ಡ ನಿಂತು, ಕಂಡಕ್ಟರನಿಗೆ ಹೇಳುವ ಧಾಟಿಯಲ್ಲೇ, "ಒಬ್ರು ಬತ್ತಾವ್ರೆ, ತಡೀರಮ್ಮ, ವಯಸ್ಸಾದೋರು" ಎನ್ನುತ್ತಿದ್ದ. ನನಗೆ ಅವನಿಗಿಂತ ನಾಲ್ಕೇ ವರ್ಷ ಹೆಚ್ಚು.

ಅಹಮದಾಬಾದಿನಲ್ಲಿ ಅಚ್ಚು ಒಡೆದು ತೋರಿಸಿದೆ. ಒಳಗೆ ಒಣಗಿಯೇ ಇತ್ತು, ಲೋಡು ಇಳಿಯಿತು. ಮರಿಸ್ವಾಮಿಯ ದರ್ಜೆಯನ್ನು ನಾನೇನೂ ಏರಿಸಿಲ್ಲ. ಅವನ ಕಾಫಿಗೆ ಇವತ್ತಿಗೂ ಹಾಲು ಬಿದ್ದಿಲ್ಲ. ಆದರೆ ಆ ಲೋಡು ಉಳಿದದ್ದು ಅವನಿಂದ. ಅದನ್ನು ಅವನ ಮುಖಕ್ಕೆ ಹೇಳುವುದು ನನ್ನ ಮೇಲೆ ಬಾಕಿ ಇದೆ.