ಬಾಕ್ಸರ್ ಸೊಸೆಗೆ ಗೋಣಿಚೀಲದ ಲೆಕ್ಕ

ಕಳೆದ ಭಾನುವಾರ ಬೆಳಿಗ್ಗೆ, ಒಂದು ಗೋಣಿಚೀಲದ ದೆಸೆಯಿಂದ ಒಬ್ಬ ಒಳ್ಳೆಯ ಬಾಕ್ಸರ್ ರಿಂಗ್ ಹತ್ತುವ ಮೊದಲೇ ಮನೆಗೆ ವಾಪಸ್ ಹೋಗುವುದರಲ್ಲಿದ್ದಳು. ಚೀಲ ನಮ್ಮ ತೋಟದ್ದು. ಆದರೆ ಅದು ಅಲ್ಲಿ ಇರಲೇ ಇಲ್ಲ!

ನಗಬೇಡಿ. ಆ ಹೊತ್ತಿನಲ್ಲಿ ಚಿಕ್ಕಮಗಳೂರಿನ ಕ್ರೀಡಾಂಗಣದಲ್ಲಿ ನಿಂತಿದ್ದ ನಮಗೆ ಯಾರಿಗೂ ನಗು ಬಂದಿರಲಿಲ್ಲ.

ಮೊದಲಿಂದ ಹೇಳುತ್ತೇನೆ. ಗೋಣಿಬೀಡಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟವಿದೆ ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತು. (ತೋಟಕ್ಕಿಂತ ಅದರ ಬಗ್ಗೆ ನೀನು ಬರೆದದ್ದೇ ದೊಡ್ಡದು ಎನ್ನುತ್ತಾರೆ ನಮ್ಮ ಯಜಮಾನರು.) ಅಲ್ಲಿ ಕೆಲಸ ಮಾಡುವ ಜಯಮ್ಮನ ಸೊಸೆ ಸವಿತಾ. ಹುಟ್ಟಿದ್ದು ಕುದುರೆಮುಖದಲ್ಲಿ. ಗಣಿ ನಿಂತ ಮೇಲೆ ಅವಳ ಅಪ್ಪ ಸಂಸೆಗೆ ಬಂದು ಬಾಡಿಗೆ ಜೀಪ್ ಓಡಿಸಿಕೊಂಡಿದ್ದರು. ಹೈಸ್ಕೂಲಿನ ಪಿಟಿ ಮೇಷ್ಟ್ರು ಹುಡುಗಿಯ ಕೈಯ ವೇಗ ನೋಡಿ ಕ್ರೀಡಾ ಹಾಸ್ಟೆಲ್‌ಗೆ ಸೇರಿಸಿದರು. ಅಲ್ಲಿಂದ ಕೆಲವು ವರ್ಷ ಅವಳು ಸೋತದ್ದೇ ಕಡಿಮೆ. ಜೂನಿಯರ್ ವಿಭಾಗದಲ್ಲಿ ರಾಜ್ಯ ಚಾಂಪಿಯನ್. ನ್ಯಾಷನಲ್ ಕ್ಯಾಂಪಿಗೆ ಹೋಗುವ ಹುಡುಗಿ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರಂತೆ.

ಆಮೇಲೆ ಮದುವೆ. ಆಮೇಲೆ ಮಗು. ವರ್ಷಗಟ್ಟಲೆ ಅವಳು ಗ್ಲೌಸ್ ಮುಟ್ಟಲಿಲ್ಲ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಗೋಡೌನಿನಿಂದ ಧಬ್ ಧಬ್ ಎಂದು ಸದ್ದು ಬಂತು. ಕೋತಿ ಹೊಕ್ಕಿತೆಂದು ಕೋಲು ಹಿಡಿದು ಹೋದೆ. ನೋಡಿದರೆ ಸವಿತಾ! ಒಂದು ಚೀಲಕ್ಕೆ ಕಾಫಿ ಹೊಟ್ಟು ತುಂಬಿ, ತೊಲೆಗೆ ನೇತುಹಾಕಿ ಗುದ್ದುತ್ತಿದ್ದಾಳೆ. ಪಕ್ಕದಲ್ಲಿ ಜಯಮ್ಮ ಆ ಚೀಲ ಅಲ್ಲಾಡದಂತೆ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತಿದ್ದಾರೆ. ಅತ್ತೆ ಹಿಡಿದುಕೊಳ್ಳುವುದು, ಸೊಸೆ ಗುದ್ದುವುದು. ಈ ದೃಶ್ಯ ನೋಡಲು ಎಷ್ಟು ಜನ ಸೊಸೆಯರು ಟಿಕೆಟ್ ತಗೊಂಡು ಬರುತ್ತಿದ್ದರೋ!

"ಅಮ್ಮೋರೆ, ಗೋಡೌನ್ ಖಾಲಿ ಇತ್ತಲ್ಲ, ಅದ್ಕೇ..." ಎಂದರು ಜಯಮ್ಮ.

"ಗುದ್ಲಿ ಬಿಡಿ ಜಯಮ್ಮ" ಎಂದೆ. ಬೇರೇನು ಹೇಳಲಿ? ಆ ಕೈ ನೋಡಿದ ಮೇಲೆ ಬೇಡ ಎನ್ನಲು ಧೈರ್ಯವೂ ಬೇಕಲ್ಲ.

ಗುದ್ದುವುದು ಸುಲಭ. ಓಡುವುದಿದೆಯಲ್ಲ, ಅದೇ ಕಷ್ಟವಾಯಿತು. ನಮ್ಮ ಕಡೆ ರಸ್ತೆಯಲ್ಲಿ ಯಾರಾದರೂ ಓಡುತ್ತಿದ್ದರೆ ಜನ ಕೇಳುವ ಪ್ರಶ್ನೆ ಒಂದೇ: "ಆನೆ ಎಲ್ಲಿದೆ?" ಶುರುವಿನಲ್ಲಿ ಸವಿತಾ ಓಡಿದ್ದಕ್ಕಿಂತ ನಿಂತು ಉತ್ತರ ಕೊಟ್ಟದ್ದೇ ಜಾಸ್ತಿ. ಆನೆ ಇಲ್ಲವೆಂದು ಎಲ್ಲರಿಗೂ ಖಾತ್ರಿಯಾದ ಮೇಲೆ ಮುಂದಿನ ಕಾಟ. ಜೀಪು, ಪಿಕಪ್, ಹಾಲಿನ ಗಾಡಿ, ಯಾವುದು ಬಂದರೂ ಪಕ್ಕಕ್ಕೆ ನಿಲ್ಲಿಸಿ "ಹತ್ತು ಮಾರಾಯ್ತಿ, ಬಿಡ್ತೀನಿ" ಎನ್ನುವುದು. ನಡೆದು ಹೋಗುವವರನ್ನೇ ಬಿಟ್ಟು ಹೋಗುವವರಲ್ಲ ನಮ್ಮವರು, ಓಡುವವರನ್ನು ಬಿಡುತ್ತಾರೆಯೇ? ಪಕ್ಕದ ತೋಟದ ಹಿರಿಯರೊಬ್ಬರು ಒಂದು ದಿನ ಬೈದೇ ಹತ್ತಿಸಿಕೊಂಡರಂತೆ. ಅವತ್ತಿನ ರನ್ನಿಂಗ್ ಜೀಪಿನ ಹಿಂದಿನ ಸೀಟಿನಲ್ಲಿ ಮುಗಿಯಿತು.

ಹಾಗೂ ಹೀಗೂ ಅವಳ ಹಳೆಯ ಕೋಚ್ ಚಿಕ್ಕಮಗಳೂರಿನಲ್ಲಿ ಸಿಕ್ಕಿದರು. ಬಿಡುವಾದಾಗಲೆಲ್ಲ ಬಸ್ಸಿನಲ್ಲಿ ಹೋಗಿ ಪ್ರಾಕ್ಟೀಸ್ ಮಾಡಿ ಬರುತ್ತಿದ್ದಳು. ಕೋಚ್ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: "ಭಾನುವಾರ ವಲಯದ ಆಯ್ಕೆ. ಗೆದ್ರೆ ರಾಜ್ಯ ಚಾಂಪಿಯನ್‌ಶಿಪ್. ಇಲ್ಲಾಂದ್ರೆ ಇನ್ನೊಂದು ವರ್ಷ ಕಾಯ್ಬೇಕು. ಈ ವಯಸ್ಸಲ್ಲಿ ಒಂದು ವರ್ಷ ಅಂದ್ರೆ ಸಣ್ಣದಲ್ಲ ಸವಿತಾ."

ಬಾಕ್ಸಿಂಗ್‌ನಲ್ಲಿ ಎದುರಾಳಿಗಿಂತ ಮೊದಲು ಸೋಲಿಸಬೇಕಾದದ್ದು ತೂಕದ ಯಂತ್ರವನ್ನು. ಇದು ನನಗೆ ಈಗ ಗೊತ್ತಾದ ವಿಷಯ. ಅವಳದು ಐವತ್ತನಾಲ್ಕು ಕೆ.ಜಿ. ವಿಭಾಗ. ಅದಕ್ಕಿಂತ ಚೂರು ಹೆಚ್ಚಾದರೂ ಆಡುವಂತಿಲ್ಲ. ಜಯಮ್ಮ ಮನೆಯಲ್ಲಿ ಕಡುಬು ಮಾಡುವುದನ್ನೇ ನಿಲ್ಲಿಸಿದರು. ಕೋಳಿ ಸಾರು ಮಾಡಿದ ದಿನ ಸೊಸೆಯ ತಟ್ಟೆಗೆ ಬರೀ ತುಂಡು, ಮಗನ ತಟ್ಟೆಗೆ ಬರೀ ಸಾರು. (ಅವನು ಪಿಕಪ್ ಓಡಿಸುವವನು, ಪಾಪದವನು. ಏನೂ ಅನ್ನಲಿಲ್ಲವಂತೆ.)

ತೂಕ ನೋಡುವುದೆಲ್ಲಿ? ನಮ್ಮ ಗೋಡೌನಿನಲ್ಲೇ. ಅಲ್ಲಿ ಹಳೆಯ ಕಬ್ಬಿಣದ ಯಂತ್ರವಿದೆ, ಕಡ್ಡಿಯ ಮೇಲೆ ಗುಂಡು ಸರಿಸಿ ನೋಡುವಂಥದ್ದು. ನೋಡುವವನು ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ನಾಗರಾಜ. ಹಣ್ಣು ಕೊಯ್ಯುವ ಕಾಲದಲ್ಲಿ ಸಂಜೆ ಆಳುಗಳ ಚೀಲ ತೂಗಿ ತೂಗಿ ಅವನ ಕೈ ಪಳಗಿದೆ. ಗುಂಡು ಸರಿಸಿದ, ಓದಿದ, ಕೂಗಿದ. ಮುಗಿಯಿತು. ಶನಿವಾರ ಸಂಜೆ ಸವಿತಾ ಹತ್ತಿ ನಿಂತಾಗಲೂ ಹಾಗೆಯೇ ಕೂಗಿದ: "ಐವತ್ಮೂರೂಮುಕ್ಕಾಲು!"

ಜಯಮ್ಮ ಕೈಮುಗಿದರು. ನಾನು ಚಪ್ಪಾಳೆ ತಟ್ಟಿದೆ.

ಭಾನುವಾರ ಬೆಳಿಗ್ಗೆ ನಮ್ಮ ಜೀಪಿನಲ್ಲೇ ಮೂವರೂ ಹೊರಟೆವು. ಡ್ರೈವಿಂಗ್ ನನ್ನದು. ಜಯಮ್ಮ ದಾರಿಯುದ್ದಕ್ಕೂ ಸಿಕ್ಕ ಸಿಕ್ಕ ದೇವರಿಗೆಲ್ಲ ಹರಕೆ ಹೇಳಿಕೊಂಡರು. ಕ್ರೀಡಾಂಗಣ ತಲುಪಿದೆವು, ಸವಿತಾ ತೂಕಕ್ಕೆ ನಿಂತಳು. ಅಲ್ಲಿನ ಯಂತ್ರದಲ್ಲಿ ಕೆಂಪು ಅಂಕಿ ಬಂತು. ಮುಕ್ಕಾಲು ಕೆ.ಜಿ. ಜಾಸ್ತಿ!

ಸವಿತಾಳ ಮುಖ ಬಿಳಿಚಿಕೊಂಡಿತು. ಇಳಿದು ಮತ್ತೆ ಹತ್ತಿದಳು. ಅದೇ ಅಂಕಿ. ಅಧಿಕಾರಿ ತಲೆಯಲ್ಲಾಡಿಸಿದರು. ರಾತ್ರಿ ಏನು ತಿಂದೆ ಎಂದು ಕೋಚ್ ಕೇಳಿದರು. ಏನೂ ಇಲ್ಲ ಸಾರ್ ಎಂದಳು. ನಿಜವಾಗಿಯೂ ಏನೂ ತಿಂದಿರಲಿಲ್ಲ.

ನನಗೇಕೋ ಅನುಮಾನ ಬಂದು ನಾಗರಾಜನಿಗೆ ಫೋನ್ ಮಾಡಿದೆ.

"ನಿನ್ನೆ ಸಂಜೆ ಯಂತ್ರ ಎಷ್ಟು ತೋರಿಸ್ತು ನಾಗರಾಜ?"

"ಐವತ್ನಾಲ್ಕೂಮುಕ್ಕಾಲು ಅಮ್ಮೋರೆ."

"ಮತ್ತೆ ಐವತ್ಮೂರೂಮುಕ್ಕಾಲು ಅಂತ ಕೂಗ್ದೆ?"

"ಹೌದಲ್ಲ, ಚೀಲಕ್ಕೆ ಒಂದು ಕೆ.ಜಿ. ಕಳ್ದು..." ಎಂದವನು ಅಲ್ಲಿಗೇ ನಿಂತ. ಆಮೇಲೆ ಸಣ್ಣ ದನಿಯಲ್ಲಿ, "ಅಯ್ಯೋ ದೇವ್ರೇ" ಎಂದ.

ಕಾಫಿ ತೋಟದ ರೂಢಿ ಇದು. ಹಣ್ಣಿನ ತೂಕದಲ್ಲಿ ಚೀಲದ ತೂಕ ಕಳೆದೇ ಕೂಗುವುದು. ಅಷ್ಟು ವರ್ಷದಿಂದ ಅದನ್ನೇ ಮಾಡಿದವನ ಬಾಯಿಗೆ ಮುಂದೆ ನಿಂತಿರುವುದು ಚೀಲವೋ, ಮನುಷ್ಯಳೋ ಎಂಬ ವ್ಯತ್ಯಾಸ ತಿಳಿಯಲಿಲ್ಲ. ನಾವೂ ಯಾರೂ ಬಗ್ಗಿ ನೋಡಲಿಲ್ಲ.

ಜಯಮ್ಮ ನನ್ನ ಕೈಯಿಂದ ಫೋನ್ ಕಸಿದುಕೊಂಡರು. "ಎಂತ ಮಾರಾಯಾ ನೀನು! ನನ್ ಸೊಸೆ ಏನು ಗೋಣಿಚೀಲದ ಒಳ್ಗೆ ನಿಂತಿದ್ಳಾ?"

ಪಕ್ಕದಲ್ಲಿದ್ದ ಅಧಿಕಾರಿ ಮುಖ ಆಚೆ ತಿರುಗಿಸಿ ನಕ್ಕರು. ನಕ್ಕದ್ದು ಒಳ್ಳೆಯದೇ ಆಯಿತು. ನಕ್ಕ ಮನುಷ್ಯ ಗಡಿಯಾರ ನೋಡಿ, "ತೂಕ ಮುಗಿಸೋಕೆ ಇನ್ನೂ ಸಮಯ ಇದೆಯಮ್ಮ. ಅಷ್ಟರೊಳಗೆ ಇಳಿಸ್ಕೊಂಡು ಬಂದ್ರೆ ಮತ್ತೆ ನೋಡ್ತೀನಿ" ಎಂದರು. ನಿಯಮವೇ ಅದಂತೆ. ಆದರೆ ನಿಯಮವನ್ನು ನಗುತ್ತಾ ಹೇಳುವವರು ಎಷ್ಟು ಜನ ಸಿಗುತ್ತಾರೆ ಹೇಳಿ?

ಬೆವರು ಹರಿಸಬೇಕು. ಓಡಬೇಕು. ಮೈತುಂಬ ದಪ್ಪ ಬಟ್ಟೆ ಬೇಕು. ನನ್ನ ಸ್ವೆಟರ್ ಹೋಯಿತು, ಜಯಮ್ಮನ ಶಾಲು ಹೋಯಿತು, ಜೀಪಿನಲ್ಲಿದ್ದ ನಮ್ಮ ಯಜಮಾನರ ರೇನ್‌ಕೋಟ್ ಹೋಯಿತು. ಸಾಲದು ಎಂದರು ಕೋಚ್. ಆಗ ಯಾರೋ ಒಬ್ಬರು ಬಂದು ತಮ್ಮ ದಪ್ಪ ಜಾಕೆಟ್ ಬಿಚ್ಚಿ ಕೊಟ್ಟರು. ಯಾರವರು ಎಂದು ಆಮೇಲೆ ಗೊತ್ತಾಯಿತು. ಸವಿತಾಳ ಎದುರಾಳಿ ಹುಡುಗಿಯ ಅಪ್ಪ!

"ಇವ್ಳು ತೂಕದಲ್ಲಿ ಬಿದ್ರೆ ನಿಮ್ಮ ಮಗಳು ಆಡದೇನೇ ಗೆಲ್ತಾಳಲ್ಲ ಸಾರ್?" ಎಂದು ಕೇಳಿಯೇಬಿಟ್ಟೆ. (ಅಂಕಣ ಬರೆಯುವವರಿಗೆ ಸುಮ್ಮನಿರಲು ಬರುವುದಿಲ್ಲ.)

"ನಮ್ಮ ಹುಡುಗಿ ಆಡೋಕೆ ಅಂತ ಬಂದಿದ್ದಾಳೆ ಮೇಡಂ. ಆಡದೆ ಗೆದ್ದು ಮನೇಲಿ ಏನಂತ ಹೇಳೋದು?" ಎಂದರು ಆ ಪುಣ್ಯಾತ್ಮ.

ಸವಿತಾ ಓಡಿದಳು. ಕ್ರೀಡಾಂಗಣದ ಸುತ್ತ, ಆ ಎಲ್ಲ ಬಟ್ಟೆಯಲ್ಲಿ, ಬಿಸಿಲಿಗೆ. ಉಗುಳಿದರೂ ತೂಕ ಇಳಿಯುತ್ತದೆ ಎಂದು ಕೋಚ್ ಹೇಳಿದ್ದೇ ತಡ, ಜಯಮ್ಮ ಸೊಂಟದ ಚೀಲ ಬಿಚ್ಚಿ ಎಲೆ ಅಡಿಕೆ ಮಡಿಸಿ ಸೊಸೆಯ ಬಾಯಿಗಿಟ್ಟರು. ಎಲೆ ಅಡಿಕೆ ಡೋಪಿಂಗ್ ಆಗುತ್ತದೆಯೇ? ನನಗೆ ಗಾಬರಿ. "ಹಂಗೇನಾದ್ರೂ ಇದ್ರೆ ನಮ್ಮ ಮಲೆನಾಡಿಂದ ಒಬ್ಬರೂ ಆಡೋ ಹಂಗಿಲ್ಲ" ಎಂದರು ಕೋಚ್. ಓಡುತ್ತಾ, ಚರಂಡಿ ಬಂದಲ್ಲೆಲ್ಲ ಉಗುಳುತ್ತಾ, ಸುತ್ತು ಹಾಕಿದಳು. ಜಯಮ್ಮ ನೀರು ಕೊಡುವಂತಿಲ್ಲ, ತಡೆಯುವಂತಿಲ್ಲ. ಮೆಟ್ಟಿಲ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ನೋಡುತ್ತಿದ್ದರು. ಬೆವರಿದ್ದು ಸೊಸೆ, ನಡುಗುತ್ತಿದ್ದದ್ದು ಅತ್ತೆ.

ಸಮಯ ಮುಗಿಯುವ ಮುಂಚೆ ಮತ್ತೆ ಯಂತ್ರ ಹತ್ತಿದಳು. ಅಂಕಿ ಆಡಿತು, ಆಡಿತು, ನಿಂತಿತು. ಐವತ್ತನಾಲ್ಕಕ್ಕೆ ಸರಿಯಾಗಿ! ಯಾರು ಯಾರನ್ನು ತಬ್ಬಿಕೊಂಡೆವೋ ಗೊತ್ತಿಲ್ಲ. ನಾನಂತೂ ಆ ಅಧಿಕಾರಿಯ ಕೈ ಹಿಡಿದು ಕುಲುಕುತ್ತಿದ್ದೆ.

ಪಂದ್ಯದ ಬಗ್ಗೆ ಹೇಳಬೇಕಲ್ಲ. ಅದಕ್ಕೇ ಹೋದದ್ದು. ಎದುರಾಳಿ ಎತ್ತರದ ಹುಡುಗಿ, ಚಿಕ್ಕ ವಯಸ್ಸು, ಕೈ ಉದ್ದ. ಮೊದಲ ರೌಂಡ್ ಪೂರ್ತಿ ಅವಳದೇ. ನಮ್ಮ ಸವಿತಾಗೆ ಕಣ್ಣಿಗೆ ಕಂಡದ್ದು ಕೈಗೆ ತಲುಪಲು ಒಂದು ಕ್ಷಣ ತಡವಾಗುತ್ತಿತ್ತು. ವರ್ಷಗಟ್ಟಲೆ ಬಿಟ್ಟದ್ದು ಅಲ್ಲಿ ಕಾಣುತ್ತದೆ. ಎರಡನೆಯ ರೌಂಡಿನ ನಡುವೆ ಒಂದು ಏಟು ತಪ್ಪಿಸಿ ಪಕ್ಕಕ್ಕೆ ಸರಿದವಳು ಬಲಗೈ ನೇರ ಬಿಟ್ಟಳು ನೋಡಿ! ನನಗೆ ಬಾಕ್ಸಿಂಗ್ ಗೊತ್ತಿಲ್ಲ. ಆದರೆ ಇಡೀ ಹಾಲ್ ಒಮ್ಮೆಲೇ "ಓಹ್" ಎಂದದ್ದು ಗೊತ್ತು. ಅಲ್ಲಿಂದ ಹುಡುಗಿ ಅಂಜಿ ಆಡಿದಳು. ಮೂರನೆಯದರಲ್ಲಿ ಇವಳಿಗೆ ಉಸಿರಿಲ್ಲ, ಕಾಲಿಲ್ಲ, ಅಷ್ಟು ಬೆವರು ಹರಿಸಿದ ಮೈಯಲ್ಲಿ ಏನು ಉಳಿದಿರುತ್ತದೆ? ಆದರೂ ಹಿಂದೆ ಸರಿಯಲಿಲ್ಲ. ತೀರ್ಪುಗಾರರಲ್ಲಿ ಒಮ್ಮತ ಇರಲಿಲ್ಲ. ಹೆಚ್ಚಿನವರು ಇವಳ ಕೈ ಎತ್ತಿಸಿದರು.

ಜಾಕೆಟ್ ಕೊಟ್ಟ ಆ ಅಪ್ಪ ಮಗಳ ಬೆನ್ನು ತಟ್ಟಿ, ನೆಟ್ಟಗೆ ನಮ್ಮ ಹತ್ತಿರ ಬಂದು ಸವಿತಾಗೆ ಕೈಕೊಟ್ಟರು. "ಚಾಂಪಿಯನ್‌ಶಿಪ್ ಗೆದ್ಕೊಂಡು ಬಾಮ್ಮ. ಆಗ ನಮ್ಮ ಹುಡುಗಿ ಸೋತದ್ದು ಚಾಂಪಿಯನ್‌ಗೆ ಅಂತ ಹೇಳ್ಕೋತೀವಿ" ಎಂದರು. ಇಂಥವರ ಋಣ ಹೇಗೆ ತೀರಿಸುವುದು? ನನಗೆ ಗೊತ್ತಿಲ್ಲ. ಬರೆದು ಹೇಳುತ್ತಿದ್ದೇನೆ, ಅಷ್ಟೇ.

ಗೆಲ್ಲುತ್ತಾಳಾ? ಮುಂದಿನ ತಿಂಗಳು ರಾಜ್ಯ ಚಾಂಪಿಯನ್‌ಶಿಪ್. ಕೋಚ್ ಸುಳ್ಳು ಭರವಸೆ ಕೊಡುವವರಲ್ಲ. "ಬಲಗೈ ಹಂಗೇ ಇದೆ. ಏಟು ತಪ್ಪಿಸ್ಕೊಳ್ಳೋದು ಮೊದಲಿಗಿಂತ ಚೆನ್ನಾಗಿದೆ. ಉಸಿರು ಸಾಲ್ದು. ಅಲ್ಲಿ ಬರೋರು ದಿನಾ ರಿಂಗಲ್ಲೇ ಇರೋರು. ಸೆಮಿಫೈನಲ್ ತನಕ ನಂಗೆ ಧೈರ್ಯ ಇದೆ. ಅದಾದ್ಮೇಲೆ ಅವಳ ಹಟ" ಎಂದರು. ನಾನು ಅವಳ ಹಟವನ್ನು ಆ ರೇನ್‌ಕೋಟಿನೊಳಗೆ ನೋಡಿದ್ದೇನೆ. ನನ್ನ ಕೇಳಿದರೆ ಫೈನಲ್ ಎನ್ನುತ್ತೇನೆ.

ವಾಪಸ್ ಬರುವಾಗ ಆಲ್ದೂರಿನಲ್ಲಿ ನಿಲ್ಲಿಸಿ ಹೊಟ್ಟೆ ತುಂಬ ಊಟ ಮಾಡಿಸಿದೆವು. ಸವಿತಾ ಹಿಂದಿನ ಸೀಟಿನಲ್ಲಿ ಒರಗಿ ನಿದ್ದೆಹೋದಳು. ಒಂದು ಕಣ್ಣಿನ ಕೆಳಗೆ ಊದಿಕೊಂಡಿತ್ತು. ಜಯಮ್ಮ ತಿರುಗಿ ತಿರುಗಿ ಅದನ್ನೇ ನೋಡುತ್ತಿದ್ದರು.

"ನಿಮ್ಮಂಥ ಅತ್ತೆ ಸಿಗೋದು ಅವಳ ಪುಣ್ಯ ಜಯಮ್ಮ" ಎಂದೆ. ಮನಸ್ಸಿನಿಂದಲೇ ಹೇಳಿದೆ.

ಜಯಮ್ಮ ತಲೆಯಲ್ಲಾಡಿಸಿದರು. ಆಮೇಲೆ ಹೇಳಿದರು. "ಇಲ್ಲ ಅಮ್ಮೋರೆ. ಹಂಗೆ ಹೇಳ್ಬೇಡಿ. ಹೋದ ವರ್ಷ ಒಂದಿನ ಅಂಗ್ಳ ಗುಡಿಸ್ತಾ ಇದ್ದೋಳು, ಯಾರೂ ಇಲ್ಲ ಅಂದ್ಕೊಂಡು ಹಿಡಿಸೂಡಿ ಕೆಳಗಿಟ್ಟು ಸುಮ್ನೆ ಗಾಳಿಗೆ ಗುದ್ದುತಾ ಇದ್ಳು. ಎಷ್ಟು ಚಂದ ಇತ್ತು ಅಂತೀರಿ! ನನ್ನ ಕಂಡ ತಕ್ಷಣ ಬಗ್ಗಿ ಹಿಡಿಸೂಡಿ ತಗೊಂಡ್ಳು. ಕದ್ದು ಸಿಕ್ಕಿಬಿದ್ದೋರ ಹಂಗೆ. ನಮ್ಮನೆಗೆ ಬಂದ್ಮೇಲೆ ನಾವ್ಯಾರೂ ಅವ್ಳಿಗೆ ಬೇಡ ಅಂದಿರ್ಲಿಲ್ಲ ಅಮ್ಮೋರೆ. ಒಂದಿನಾನೂ ಅಂದಿರ್ಲಿಲ್ಲ. ಆದ್ರೆ ಹೋಗು ಅಂತಾನೂ ಅಂದಿರ್ಲಿಲ್ಲ. ಅವತ್ತೇ ಮೊದ್ಲು ಅಂದದ್ದು."

ಗೇರ್ ಬದಲಿಸಿ ಜೀಪ್ ಓಡಿಸಿದೆ.

ತಡವಾಗಿಯಾದರೂ ಆ ಮಾತು ಹೇಳಿದ ಜಯಮ್ಮನಿಗೆ ಈ ವಾರದ ನನ್ನ ನಮಸ್ಕಾರ. ಬೇಡ ಎನ್ನದಿದ್ದರೆ ಸಾಕು, ನಾವು ಒಳ್ಳೆಯವರು ಎಂದುಕೊಂಡಿರುತ್ತೇವಲ್ಲ, ನಿಮ್ಮ ಮನೆಯಲ್ಲಿ ಯಾರಿಗೆ ಇನ್ನೂ "ಹೋಗು" ಅಂದಿಲ್ಲ?